ನಾಲ್ಕು ಬೆರಳಿನ ಜಾಗ

ನಕ್ಷೆ ಬರೆಯುವ ಕೆಲಸ ಯಾರ ಹತ್ತಿರ ಕಲಿತಿರಿ ಎಂದು ಕೇಳಿದವರಿಗೆ ನಾನು ಬಹಳ ವರ್ಷ ಪೂರ್ತಿ ಉತ್ತರ ಕೊಡಲಿಲ್ಲ. ‘ಕಲ್ಯಾಣದಾಗ ಒಬ್ರು ಇದ್ರು’ ಎಂದಷ್ಟೇ ಹೇಳಿ ಮಾತು ಹೊರಳಿಸುತ್ತಿದ್ದೆ. ಆ ಒಬ್ಬರು ಯಾರೆಂದು ಈಗ ಬರೆಯಲು ಕೂತಿದ್ದೇನೆ. ಅವರು ಇದ್ದಾಗ ಬರೆಯಬೇಕಿತ್ತು.

ನಾನು ಹುಮನಾಬಾದಿನವಳು. ಅಪ್ಪ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಹತ್ತನೇ ತರಗತಿ ಆದಮೇಲೆ ಕಟ್ಟಡಗಳ ನಕ್ಷೆ ಬರೆಯುವ ಕೋರ್ಸಿಗೆ ಸೇರಿದೆ. ಇಡೀ ತರಗತಿಗೆ ಒಬ್ಬಳೇ ಹುಡುಗಿ. ಕೋರ್ಸ್ ಮುಗಿದು ಎಂಟು ತಿಂಗಳಾದರೂ ಯಾರೂ ಕೆಲಸ ಕೊಡಲಿಲ್ಲ. ಹೆಣ್ಣುಹುಡುಗಿ ಬಿಸಿಲಾಗ ಸೈಟಿಗೆ ಹ್ಯಾಂಗ ಬರ್ತಾಳ ಅನ್ನುವುದೇ ಎಲ್ಲರ ಮಾತು. ಒಂದು ದಿನ ಅಪ್ಪ ಊಟ ಮಾಡುತ್ತ, ‘ಕಲ್ಯಾಣದಾಗ ಒಬ್ರು ಹಬ್ಶಿ ಇಂಜಿನಿಯರ್ ಇದ್ದಾರಂತ. ಅವ್ರ ಬಲ್ಲಿ ಹೋಗಿ ಕೇಳೂಣೇನು?’ ಎಂದರು. ಅವ್ವ ಕೈಯಲ್ಲಿದ್ದ ರೊಟ್ಟಿ ಹಾಗೇ ಹಿಡಿದುಕೊಂಡು, ‘ಹಬ್ಶಿಯವ್ರೇನ್ರಿ?’ ಎಂದಳು. ಅಪ್ಪ, ‘ಕೆಲಸ ಕಲಿಸಿದ್ರ ಸಾಕು’ ಅಂದರು.

ನಮ್ಮ ಕಡೆ ಹಬ್ಶಿ ಎಂದರೆ ಏನೆಂದು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಸುಲ್ತಾನರ ಕಾಲದಿಂದ ನಿಜಾಮರ ಕಾಲದವರೆಗೆ ಸಮುದ್ರದಾಚೆಯ ಆಫ್ರಿಕಾದಿಂದ ಕೆಲವರು ಗುಲಾಮರಾಗಿ, ಕೆಲವರು ಸಿಪಾಯಿಗಳಾಗಿ ಬಂದು ಇಲ್ಲೇ ಉಳಿದರು. ಅವರ ಮಕ್ಕಳು ಮೊಮ್ಮಕ್ಕಳು ಇಲ್ಲಿಯ ಭಾಷೆಯನ್ನೇ ಆಡಿದರು, ಇಲ್ಲಿಯ ರೊಟ್ಟಿಯನ್ನೇ ತಿಂದರು. ಆದರೂ ಜನ ಅವರನ್ನು ಆ ಒಂದೇ ಶಬ್ದದಲ್ಲಿ ಕರೆದರು, ಕರೆಯುವಾಗ ದನಿ ಸ್ವಲ್ಪ ಬೇರೆ ಮಾಡಿಕೊಂಡೇ ಕರೆದರು.

ಅಪ್ಪನೂ ನಾನೂ ಬಂಗ್ಲಾ ಕ್ರಾಸಿನಲ್ಲಿ ಬಸ್ ಬದಲಿಸಿ ಬಸವಕಲ್ಯಾಣಕ್ಕೆ ಹೋದೆವು. ಕೋಟೆಯ ಕಡೆ ಹೋಗುವ ಓಣಿಯಲ್ಲಿ, ಪಾತ್ರೆ ಅಂಗಡಿಯ ಮೇಲೆ ಅವರ ಕಚೇರಿ. ಎರಡು ಡ್ರಾಯಿಂಗ್ ಬೋರ್ಡು, ಉತ್ತರಕ್ಕೆ ಒಂದು ದೊಡ್ಡ ಕಿಟಕಿ. ಅವರು ಎತ್ತರದ ಆಳು. ಮೈಬಣ್ಣ ಕಪ್ಪು ಎಂದರೆ ನಮ್ಮಲ್ಲಿ ಹೊಲ ಮಾಡುವವರ ಕಪ್ಪಲ್ಲ, ಅದಕ್ಕಿಂತ ಗಾಢ. ಗುಂಗುರು ಕೂದಲು ಕಿವಿಯ ಹತ್ತಿರ ಬೆಳ್ಳಗಾಗಿತ್ತು. ನನ್ನ ಅಂಕಪಟ್ಟಿ ನೋಡದೆ ಒಂದು ಪ್ರಶ್ನೆ ಕೇಳಿದರು.

‘ಬೇಟಿ, ಸಂಜಿ ನಾಲ್ಕಕ್ಕ ನಿಮ್ಮ ಮನ್ಯಾಗ ಬಿಸಲು ಎಲ್ಲಿ ಬೀಳ್ತದ?’

ನನಗೆ ಗೊತ್ತಿರಲಿಲ್ಲ. ಹುಟ್ಟಿದಾಗಿನಿಂದ ಇದ್ದ ಮನೆ.

‘ಹೋಗಿ ನೋಡ್ಕೊಂಡು ಬಾ. ನೋಡಿ ಬಂದ್ರ ಕೆಲಸ ಅದ.’

ಮರುದಿನ ನಾನು ಮನೆಯ ನೆಲದ ಮೇಲೆ ಸುಣ್ಣದ ಕಡ್ಡಿಯಿಂದ ಬಿಸಿಲಿನ ಗೆರೆ ಎಳೆಯುತ್ತ ಕೂತೆ. ಅವ್ವ ಅಡುಗೆ ಮಾಡುವ ಜಾಗಕ್ಕೇ ಸಂಜೆಯ ಬಿಸಿಲು ನೇರ ಹೊಡೆಯುತ್ತದೆ ಎಂದು ಅವತ್ತು ನನಗೆ ಗೊತ್ತಾಯಿತು. ಕೇಳಿದರೆ, ‘ನನಗ ಇಪ್ಪತ್ತು ವರ್ಷದಿಂದ ಗೊತ್ತದ, ಯಾರ್ ಕೇಳ್ಯಾರ?’ ಅಂದಳು. ಅದನ್ನೇ ಸಾಹೇಬರಿಗೆ ಹೇಳಿದೆ. ಅವರನ್ನು ನಾನು ಸಾಹೇಬರು ಎಂದೇ ಕರೆಯುತ್ತಿದ್ದೆ. ಅವರು ತಲೆಯಾಡಿಸಿ, ‘ಅವ್ರನ್ನ ಕೇಳೂದೇ ನಮ್ಮ ಕೆಲಸ’ ಎಂದು ನನಗೊಂದು ಪೆನ್ಸಿಲ್ ಕೊಟ್ಟರು.

ಅವರ ಕಥೆ ನನಗೆ ತುಂಡು ತುಂಡಾಗಿ ತಿಳಿಯಿತು. ತಂದೆ ಗೌಂಡಿ. ಹಳೇ ಗೋಡೆ, ಹಳೇ ಗುಮ್ಮಟಗಳಿಗೆ ಗಚ್ಚು ಹಾಕುವುದರಲ್ಲಿ ಪಳಗಿದವರು. ಮಗ ಅವರ ಹಿಂದೆ ಸುಣ್ಣ ಕಲಸುತ್ತ ಬೆಳೆದು, ಮೆಟ್ರಿಕ್ ಪಾಸಾಗಿ, ಹೈದರಾಬಾದಿಗೆ ಹೋಗಿ ಆರ್ಕಿಟೆಕ್ಟ್ ಆಗಿ ಬಂದರು. ಅವರ ಮಂದಿಯಲ್ಲಿ ಅಷ್ಟು ಓದಿದವರು ಅವರೇ ಮೊದಲಿಗರು. ನಮ್ಮ ಸುತ್ತಿನ ತಾಲೂಕುಗಳಲ್ಲಿ ಆ ಪದವಿ ಇದ್ದ ಬೇರೆಯವರೂ ಆಗ ಇರಲಿಲ್ಲ. ಕಾಲೇಜಿನಲ್ಲಿ ಮೊದಲ ದಿನ ಮೇಷ್ಟ್ರು ಅವರಿಗೆ ನಿಧಾನವಾಗಿ ಇಂಗ್ಲಿಷಿನಲ್ಲಿ, ನೀನು ಯಾವ ದೇಶದವನು ಎಂದು ಕೇಳಿದರಂತೆ. ‘ಕಲ್ಯಾಣದವ ಅಂದೆ. ಅದು ಎಲ್ಲಿ ಬರ್ತದ ಅಂದ್ರು. ನಿಮ್ಮ ಊರಿಂದ ಒಂದೇ ಬಸ್ಸು ಅಂದೆ.’ ಇದನ್ನು ಹೇಳಿ ಅವರು ನಗುತ್ತಿದ್ದರು. ನಾನೂ ನಗುತ್ತಿದ್ದೆ. ಐದು ವರ್ಷ ಆ ಪ್ರಶ್ನೆಯನ್ನು ಎಷ್ಟು ಜನ ಕೇಳಿರಬೇಕು ಎಂದು ಆಗ ನನಗೆ ಹೊಳೆಯಲಿಲ್ಲ.

ಒಮ್ಮೆ ಹಳ್ಳಿಖೇಡದಿಂದ ಕಬ್ಬಿನ ದೊಡ್ಡ ಬೆಳೆಗಾರರೊಬ್ಬರು ಮನೆ ಕಟ್ಟಿಸಬೇಕೆಂದು ಬಂದರು. ಬೋರ್ಡಿನ ಮುಂದೆ ಕೂತಿದ್ದ ಸಾಹೇಬರನ್ನು ದಾಟಿ ನನ್ನ ಹತ್ತಿರ ಬಂದು, ‘ಇಂಜಿನಿಯರ್ ಸಾಹೇಬ್ರು ಎಲ್ಲಿ ಹೋಗ್ಯಾರಮ್ಮ?’ ಎಂದರು. ನಾನು ಬಾಯಿ ತೆರೆಯುವ ಮೊದಲೇ ಸಾಹೇಬರು, ‘ಬರ್ತಾರ್ರಿ, ಕೂಡ್ರಿ’ ಎಂದು ಕುರ್ಚಿ ಎಳೆದುಕೊಟ್ಟರು. ಚಹಾ ತರಿಸಿದರು. ಮನೆಯಲ್ಲಿ ಎಷ್ಟು ಮಂದಿ, ಹಿರಿಯರು ಎಲ್ಲಿ ಮಲಗ್ತಾರ, ಹೆಣ್ಣುಮಕ್ಕಳು ಹಪ್ಪಳ ಎಲ್ಲಿ ಒಣಗಿಸ್ತಾರ, ಬೇಸಿಗ್ಯಾಗ ಎಲ್ಲಾರೂ ಯಾವ ಗ್ವಾಡಿಗೆ ಒರಗಿ ಕೂಡ್ತಾರ ಎಂದು ಮಾತಿಗೆ ಮಾತು ಸೇರಿಸುತ್ತ ಕೇಳಿದರು. ತಾಸು ಕಳೆಯಿತು. ಬೆಳೆಗಾರರು ಗಡಿಯಾರ ನೋಡಿ, ‘ಸಾಹೇಬ್ರು ಇನ್ನೂ ಬರಲಿಲ್ಲಲ್ರಿ’ ಅಂದರು. ಸಾಹೇಬರು ಕೈಯಲ್ಲಿದ್ದ ಹಾಳೆ ತಿರುಗಿಸಿ ಮುಂದಿಟ್ಟರು. ಅದರಲ್ಲಿ ಅವರ ಮನೆ ಇತ್ತು, ಹಪ್ಪಳ ಒಣಗಿಸುವ ಮಾಳಿಗೆಯ ಮೂಲೆಯೂ ಸೇರಿ. ಆ ಮನುಷ್ಯ ಬಹಳ ಹೊತ್ತು ಹಾಳೆ ನೋಡಿ, ಆಮೇಲೆ ಎದ್ದು ಕೈ ಮುಗಿದ. ಮನೆಯನ್ನು ಅವರಿಂದಲೇ ಕಟ್ಟಿಸಿದ. ಆದರೆ ಗೃಹಪ್ರವೇಶದ ದಿನ ನಮ್ಮಿಬ್ಬರಿಗೂ ಊಟ ಬಡಿಸಿದ್ದು ಹೊರಗಿನ ಪಡಸಾಲೆಯಲ್ಲಿ. ಸಾಹೇಬರು ಉಂಡು, ಗೋಡೆಗೆ ಅಂಗೈ ಊರಿ, ‘ತಂಪದ’ ಎಂದಷ್ಟೇ ಹೇಳಿ ಎದ್ದರು.

ನಾಲ್ಕನೇ ವರ್ಷ ಹುಮನಾಬಾದಿನ ಹೆಣ್ಣುಮಕ್ಕಳ ಶಾಲೆಯ ಕೆಲಸ ಬಂತು. ಊರಿನ ನಾಲ್ಕು ಮಂದಿ ಹಿರಿಯರು ಸೇರಿ ನಡೆಸುತ್ತಿದ್ದ ಶಾಲೆ ಅದು. ಬಾಡಿಗೆಯ ಗೋದಾಮಿನಲ್ಲಿ ತರಗತಿಗಳು ನಡೆಯುತ್ತಿದ್ದವು. ಸಮಿತಿಯವರಿಗೆ ಮುಂದೆ ಗಾಜು, ಮೇಲೆ ಸ್ಲ್ಯಾಬು, ಮೂರು ಮಹಡಿಯ ಉದ್ದನೆಯ ಕಟ್ಟಡ ಬೇಕಿತ್ತು. ಸಾಹೇಬರು ಒಂದು ವಾರ ದಿನಾಲೂ ಗೋದಾಮಿಗೆ ಹೋಗಿ ಹುಡುಗಿಯರ ಜೊತೆ ಕೂತರು. ಅವರು ದೊಡ್ಡವರೆಂದು ಹುಡುಗಿಯರು ಮೊದಲು ಅಂಜಿದರು. ಆಮೇಲೆ ಸಾಹೇಬರು ನನ್ನನ್ನು ಮುಂದೆ ಬಿಟ್ಟು ಕೇಳಿಸಿದರು. ಮಧ್ಯಾಹ್ನ ಎಲ್ಲಿ ಕೂತು ಉಣ್ತೀರಿ? ಹೊರಗ ಕೂತ್ರ ರಸ್ತೆಯವ್ರು ನೋಡ್ತಾರ, ಮೆಟ್ಟಿಲ ಮ್ಯಾಲ ಕೂಡ್ತೀವ್ರಿ. ಎಂಟನೇ ತರಗತಿ ಆದಮೇಲೆ ಯಾಕ ಬಿಡ್ತೀರಿ? ಈ ಪ್ರಶ್ನೆಗೆ ಉತ್ತರ ಕೊನೆಗೆ ಸಿಕ್ಕಿತು. ಹೊರಡುವಾಗ ಒಬ್ಬಳು ನನ್ನ ಸೆರಗು ಜಗ್ಗಿ, ಸಂಡಾಸು ಕಂಪೌಂಡಿನ ಕಡೀಗೆ ಅದ, ಎಲ್ಲಾರ ಕಣ್ಣ ಮುಂದ ನಡದು ಹೋಗಬೇಕಾಗ್ತದ ಎಂದಳು.

ಸಾಹೇಬರು ಆ ಮಾತಿನಿಂದಲೇ ನಕ್ಷೆ ಶುರು ಮಾಡಿದರು. ತರಗತಿಗಳ ಪಕ್ಕದಲ್ಲೇ, ಮರೆಗೋಡೆಯ ಹಿಂದೆ ಶೌಚಾಲಯ. ನಡುವೆ ಅಂಗಳ, ಅಂಗಳದ ಸುತ್ತ ಉದ್ದಕ್ಕೆ ಕಲ್ಲಿನ ಕಟ್ಟೆ, ಕಟ್ಟೆಗೆ ದಿನವಿಡೀ ನೆರಳು. ನಮ್ಮ ನೆಲದಲ್ಲೇ ಕಡಿದು ತೆಗೆಯುವ ಕೆಂಪು ಕಲ್ಲಿನ ದಪ್ಪ ಗೋಡೆ, ಬಿಸಿಗಾಳಿ ಮೇಲಿಂದ ಹೊರಹೋಗಲು ಎತ್ತರದ ಕಿಂಡಿಗಳು. ರಸ್ತೆಯ ಕಡೆಗೆ ಸಣ್ಣ ಕಿಂಡಿಗಳ ಕಲ್ಲಿನ ಜಾಲಿ. ಒಳಗಿನವರಿಗೆ ಹೊರಗು ಕಾಣಬೇಕು, ಹೊರಗಿನವರಿಗೆ ಒಳಗು ಕಾಣಬಾರದು. ಸಮಿತಿಯ ಜೊತೆ ಮೂರು ಸಭೆ ಆದವು. ಕೊನೆಗೆ ಒಪ್ಪಿದರು. ಆದರೆ ಅಧ್ಯಕ್ಷರು ಒಂದು ಮಾತು ಹೇಳಿದರು: ಹೈದರಾಬಾದಿನ ದೊಡ್ಡ ಕಂಪನಿಯೊಂದು ತಮಗೆ ಪರಿಚಯ, ನಕ್ಷೆಯ ಮೇಲೆ ಅವರ ಹೆಸರಿದ್ದರೆ ಮಂಜೂರಾತಿಗೂ ಅನುಕೂಲ, ಊರಲ್ಲಿ ಮರ್ಯಾದೆಯೂ ಇರುತ್ತದೆ.

ಕಚೇರಿಗೆ ವಾಪಸಾದ ಮೇಲೆ ಸಾಹೇಬರು ನನಗೆ, ‘ಕೆಳಗಿನ ಚೌಕದಾಗ ಅವ್ರ ಹೆಸರು ಬರಿ’ ಎಂದರು.

‘ಸಾಹೇಬ್ರ, ನಿಮ್ಮದು?’

‘ನನ್ನ ಹೆಸರಿಗೆ ಜಗಳ ತೆಗದ್ರ ಆ ಹುಡುಗ್ಯಾರು ಇನ್ನ ಹತ್ತು ವರ್ಷ ಗೋದಾಮಿನ್ಯಾಗ ಕೂಡ್ತಾರ. ಬರಿ ಬೇಟಿ.’

ಹದಿನೆಂಟು ಹಾಳೆಗಳ ಮೇಲೂ ನಾನೇ ಆ ಕಂಪನಿಯ ಹೆಸರು ಬರೆದೆ. ಇದು ಅವರ ನಿರ್ಧಾರ. ಇದಕ್ಕೆ ನಾನು ಹೊಣೆಯಲ್ಲ. ಮುಂದಿನದಕ್ಕೆ ನಾನೇ ಹೊಣೆ.

ಕಟ್ಟಡ ಮುಗಿಯಲು ಎರಡು ವರ್ಷ ಹಿಡಿಯಿತು. ಸಾಹೇಬರು ವಾರಕ್ಕೆ ಮೂರು ದಿನ ಬಸ್ಸಿನಲ್ಲಿ ಬಂದು ಗೌಂಡಿಗಳ ನಡುವೆ ನಿಲ್ಲುತ್ತಿದ್ದರು. ಹೈದರಾಬಾದಿನವರು ಒಂದು ಸಲವೂ ಬರಲಿಲ್ಲ. ಉದ್ಘಾಟನೆಗೆ ಹದಿನೈದು ದಿನ ಇರುವಾಗ ಸಮಿತಿಯ ಕಾರ್ಯದರ್ಶಿ ನನ್ನನ್ನು ಕರೆಸಿದರು. ನನ್ನ ಅಕ್ಷರ ಚೆನ್ನಾಗಿತ್ತು. ಶಿಲಾಫಲಕಕ್ಕೆ ಬೇಕಾದ ಬರಹವನ್ನು ಕಲ್ಲಿನ ಅಳತೆಗೇ ಕಾಗದದ ಮೇಲೆ ಬರೆದುಕೊಡಬೇಕು, ಕೆತ್ತುವವ ಅದನ್ನು ನೋಡಿ ಕೆತ್ತುತ್ತಾನೆ ಎಂದರು. ಹೆಸರುಗಳ ಪಟ್ಟಿ ಕೊಟ್ಟರು. ಮಂತ್ರಿಗಳು, ಅಧ್ಯಕ್ಷರು, ಸದಸ್ಯರು, ದಾನಿಗಳು, ಗುತ್ತಿಗೆದಾರರು, ವಿನ್ಯಾಸ ಎಂಬುದರ ಮುಂದೆ ಆ ಕಂಪನಿ.

‘ಸರ್, ಕಲ್ಯಾಣದ ಸಾಹೇಬ್ರ ಹೆಸರು ಇದ್ರಾಗ ಇಲ್ಲಲ್ರಿ.’

‘ನಕ್ಷಾದ ಮ್ಯಾಲ ಎಲ್ಲೈತಮ್ಮ ಅವ್ರ ಹೆಸರು? ನೀನೇ ಬರದೀ, ನಿನಗೇ ಗೊತ್ತಿರಬೇಕು’ ಎಂದರು. ಆಮೇಲೆ ಕಾಗದ ಮಡಚುತ್ತ, ‘ಹೊಸ ಶಾಲಿಗೆ ಡ್ರಾಯಿಂಗ್ ಟೀಚರ್ ಬೇಕಾಗ್ತಾರ. ನೀನು ಡ್ರಾಯಿಂಗ್ ಪರೀಕ್ಷೆ ಪಾಸಾಗೀದಿ ಅಲ್ಲ? ಅಧ್ಯಕ್ಷರ ಮುಂದ ನಿನ್ನ ಹೆಸರು ಹೇಳೀನಿ’ ಎಂದರು.

ಬೆದರಿಕೆಯ ಮಾತೇನೂ ಅಲ್ಲ. ಮೆತ್ತಗೆ, ಮಗಳಿಗೆ ಹೇಳುವ ಹಾಗೆ ಹೇಳಿದರು. ಮನೆಯಲ್ಲಿ ನನ್ನ ಮದುವೆಯ ಮಾತು ನಡೆದಿತ್ತು. ದಿನಾ ಎರಡು ಬಸ್ಸು ಬದಲಿಸುವ ಹುಡುಗಿ ಬೇಡ ಎಂದು ಒಂದು ಸಂಬಂಧ ತಪ್ಪಿತ್ತು. ಊರೊಳಗೇ, ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ ಕೆಲಸ. ನಾನು ಪಟ್ಟಿ ತೆಗೆದುಕೊಂಡು ಬಂದೆ.

ಮನೆಯ ಜಗಲಿಯ ಮೇಲೆ ಕಾಗದ ಹಾಸಿ ಬರೆದೆ. ಎಲ್ಲ ಹೆಸರುಗಳೂ ಮುಗಿದ ಮೇಲೆ ಕೆಳಗೆ ನಾಲ್ಕು ಬೆರಳಷ್ಟು ಜಾಗ ಉಳಿಯಿತು. ಒಂದು ಸಾಲಿಗೆ ಧಾರಾಳ ಸಾಕಾಗುವ ಜಾಗ. ನಾನು ಬರೆದಿದ್ದರೆ ಕೆತ್ತುವವ ಕೆತ್ತಿಬಿಡುತ್ತಿದ್ದ, ಅವನಿಗೇನು ಗೊತ್ತು. ಕಲ್ಲು ಗೋಡೆಗೆ ಕೂತಮೇಲೆ ಮಂತ್ರಿಗಳ ಮುಂದೆ ಯಾರೂ ಗಲಾಟೆ ಮಾಡುತ್ತಿರಲಿಲ್ಲ. ಇಷ್ಟೆಲ್ಲ ನನಗೆ ಅವತ್ತೇ ಹೊಳೆದಿತ್ತು. ನಾನು ಬೇರೆ ಕಾಗದ ತೆಗೆದುಕೊಂಡು, ಸಾಲುಗಳ ನಡುವಿನ ಅಂತರ ಹಿಗ್ಗಿಸಿ, ಆ ಜಾಗ ಕಾಣದ ಹಾಗೆ ಮತ್ತೆ ಬರೆದೆ.

ಉದ್ಘಾಟನೆಯ ದಿನ ಸಾಹೇಬರು ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿಕೊಂಡು, ಹೆಂಡತಿ ಮಗಳ ಜೊತೆ ಬಂದು ಹಿಂದಿನ ಸಾಲಿನಲ್ಲಿ ಕೂತರು. ಭಾಷಣಗಳಲ್ಲಿ ಅವರ ಹೆಸರು ಬರಲಿಲ್ಲ. ಜನ ಊಟಕ್ಕೆ ಎದ್ದಮೇಲೆ ಅವರು ಫಲಕದ ಮುಂದೆ ಬಂದು ನಿಂತರು. ನಾನು ಕಂಬದ ಹತ್ತಿರ ಇದ್ದೆ. ಅವರು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಓದಿದರು. ಅವರು ಎಂದೂ ಅವಸರದಲ್ಲಿ ಓದುವವರಲ್ಲ. ಆಮೇಲೆ ತಿರುಗಿ ನನ್ನನ್ನು ನೋಡಿದರು.

‘ಅಕ್ಷರ ಬಾಳ ಚಂದ ಬಂದಾವ, ಬೇಟಿ.’

ಅಷ್ಟೇ. ಅದರಲ್ಲಿ ಕುಹಕ ಇತ್ತೇ ಎಂದು ಮೂವತ್ತು ವರ್ಷಕ್ಕೂ ಹೆಚ್ಚು ಯೋಚಿಸಿದ್ದೇನೆ. ಇರಲಿಲ್ಲ. ಇದ್ದಿದ್ದರೆ ನನಗೆ ಸ್ವಲ್ಪ ಹಗುರಾಗುತ್ತಿತ್ತು.

ಜೂನಿನಲ್ಲಿ ನಾನು ಶಾಲೆಯ ಕೆಲಸಕ್ಕೆ ಸೇರಿದೆ. ಹೇಳಲು ಹೋದಾಗ ಅವರು ನನ್ನ ತಲೆಯ ಮೇಲೆ ಕೈಯಿಟ್ಟು, ಮಕ್ಕಳಿಗೆ ಮೊದಲು ಬಿಸಿಲು ನೋಡೋದು ಕಲಿಸು ಎಂದರು. ಮೊದಮೊದಲು ಹಬ್ಬಕ್ಕೆ ಹೋಗಿ ಬರುತ್ತಿದ್ದೆ. ಮದುವೆ, ಮಕ್ಕಳು ಆದಮೇಲೆ ಅದೂ ತಪ್ಪಿತು. ನಿಜ ಹೇಳಬೇಕೆಂದರೆ ಮದುವೆ, ಮಕ್ಕಳು ನೆಪ. ಅವರ ಎದುರು ಕೂತುಕೊಳ್ಳುವುದು ನನಗೆ ಕಷ್ಟವಾಗುತ್ತಿತ್ತು. ದಿನವೂ ಆ ಫಲಕದ ಮುಂದಿನಿಂದಲೇ ತರಗತಿಗೆ ಹೋಗುತ್ತಿದ್ದೆ. ಕೆಲವು ವರ್ಷಗಳಲ್ಲಿ ಅದು ಕಣ್ಣಿಗೆ ಬೀಳುವುದೂ ನಿಂತಿತು.

ಆದರೆ ಕಟ್ಟಡ ತನ್ನ ಕೆಲಸ ಮಾಡುತ್ತಿತ್ತು. ಏಪ್ರಿಲ್ ತಿಂಗಳಲ್ಲೂ ತರಗತಿಯಲ್ಲಿ ಕೂಡಲು ಬರುತ್ತಿತ್ತು. ಹುಡುಗಿಯರು ಕಟ್ಟೆಯ ಮೇಲೆ ಸಾಲಾಗಿ ಕೂತು ಬುತ್ತಿ ಬಿಚ್ಚುತ್ತಿದ್ದರು, ಕಾಲು ಚಾಚಿ ನಗುತ್ತಿದ್ದರು. ಎಂಟಕ್ಕೆ ಬಿಡುತ್ತಿದ್ದವರು ಹತ್ತರವರೆಗೆ ಬಂದರು. ಇದನ್ನು ಒಂದು ಸಲವಾದರೂ ಅವರನ್ನು ಕರೆದುಕೊಂಡು ಬಂದು ತೋರಿಸಬಹುದಿತ್ತು.

ಹೀಗೇ ಎಷ್ಟೋ ವರ್ಷ ಕಳೆದ ಮೇಲೆ ಒಂದು ಸಲ ಅವರೇ ಫೋನ್ ಮಾಡಿದರು. ದನಿ ಇಳಿದಿತ್ತು. ‘ಬೇಟಿ, ಕಣ್ಣು ಮಬ್ಬಾಗ್ಯಾವ. ಹುಲಸೂರಾಗ ಒಂದು ಮನಿ ಕೆಲಸ ಹಿಡದೀನಿ, ಗೆರಿ ಸೀದಾ ಬರವಲ್ವು. ಎರಡು ಐತವಾರ ಬಂದು ಕೂತ್ರ ಮುಗೀತದ.’ ನಾನು, ‘ಪರೀಕ್ಷೆ ನಡದಾವ್ರಿ ಸಾಹೇಬ್ರ, ಮುಗದ ಮ್ಯಾಲ ಬರ್ತೀನಿ’ ಎಂದೆ. ಪರೀಕ್ಷೆ ನಡೆದಿದ್ದು ಖರೆ. ಭಾನುವಾರ ಪರೀಕ್ಷೆ ಇರುವುದಿಲ್ಲ ಎಂದು ಅವರಿಗೂ ಗೊತ್ತಿತ್ತು. ‘ಆಗಲಿ ಆಗಲಿ’ ಎಂದು ಫೋನ್ ಇಟ್ಟರು. ಪರೀಕ್ಷೆ ಮುಗಿದ ಮೇಲೂ ನಾನು ಹೋಗಲಿಲ್ಲ.

ಅದೇ ವರ್ಷದ ಮಳೆಗಾಲದಲ್ಲಿ ಶಾಲೆಯ ಮಾಳಿಗೆ ಒಂದು ಕಡೆ ಸೋರಿತು. ಅದನ್ನು ನೋಡಲು ಹಳೇ ಗೌಂಡಿಯನ್ನು ಕರೆಸಿದರು. ಕಟ್ಟುವಾಗ ಇದ್ದ ಅದೇ ಗೌಂಡಿ. ನನ್ನನ್ನು ನೋಡಿ ತಲೆಯ ರುಮಾಲು ಬಿಚ್ಚಿ ಮುಖ ಒರೆಸಿಕೊಂಡ.

‘ನೀವು ಮಣ್ಣಿಗೆ ಬರಲಿಲ್ಲಲ್ರಿ, ಮೇಡಂ.’

‘ಯಾರ ಮಣ್ಣಿಗೆ?’

‘ಸಾಹೇಬ್ರು ಹೋಗಿ ಹನ್ನೊಂದು ದಿನ ಆತ್ರಿ.’

ನಾನು ಅವತ್ತು ಮಧ್ಯಾಹ್ನದ ಎರಡು ತರಗತಿ ತೆಗೆದುಕೊಂಡೆ. ಮಕ್ಕಳಿಗೆ ಹೂಕುಂಡ ಬರೆಸಿದೆ. ಮನೆಗೆ ಬಂದ ಮೇಲೆ ಗಂಡ, ಯಾಕ ಸುಮ್ಮ ಕೂತೀದಿ ಎಂದು ಕೇಳಿದ. ಹೇಳಬೇಕೆಂದರೆ ಮೊದಲಿನಿಂದ ಹೇಳಬೇಕಾಗುತ್ತಿತ್ತು. ತಲೆ ನೋಯ್ತದ ಎಂದೆ.

ನಾನು ನಿವೃತ್ತಳಾಗುವ ಹಿಂದಿನ ವರ್ಷ ಕಟ್ಟಡಶಾಸ್ತ್ರ ಓದುವ ಕೆಲವು ವಿದ್ಯಾರ್ಥಿಗಳು ತಮ್ಮ ಪ್ರಾಧ್ಯಾಪಕಿಯ ಜೊತೆ ನಮ್ಮ ಶಾಲೆ ನೋಡಲು ಬಂದರು. ಬಿಸಿಲಿನ ಊರುಗಳ ಒಳ್ಳೆಯ ಕಟ್ಟಡಗಳನ್ನು ಅವರು ಹುಡುಕಿ ಬರೆದುಕೊಳ್ಳುತ್ತಿದ್ದರು. ಎರಡು ದಿನ ಅಳೆದರು, ಥರ್ಮಾಮೀಟರ್ ಇಟ್ಟರು, ಜಾಲಿಯ ಚಿತ್ರ ತೆಗೆದರು. ಪ್ರಾಧ್ಯಾಪಕಿ ಅಂಗಳದಲ್ಲಿ ನಿಂತು, ‘ಇದನ್ನು ಮಾಡಿದವರು ದೊಡ್ಡ ಮನುಷ್ಯರು’ ಎಂದರು. ಮುಖ್ಯೋಪಾಧ್ಯಾಯಿನಿ ಅವರನ್ನು ಫಲಕದ ಹತ್ತಿರ ಕರೆದುಕೊಂಡು ಹೋದರು. ಒಬ್ಬ ವಿದ್ಯಾರ್ಥಿನಿ ಹೈದರಾಬಾದಿನ ಕಂಪನಿಯ ಹೆಸರನ್ನು ವಹಿಯಲ್ಲಿ ಬರೆದುಕೊಳ್ಳಲು ಶುರು ಮಾಡಿದಳು.

‘ಅದು ಸುಳ್ಳು’ ಎಂದೆ. ನನ್ನ ದನಿ ನನಗೇ ಜೋರಾಗಿ ಕೇಳಿಸಿತು. ‘ಆ ಸುಳ್ಳು ನಾನು ಬರದದ್ದು.’

ಸ್ಟಾಫ್ ರೂಮಿನಲ್ಲಿ ಕೂತು ಎಲ್ಲ ಹೇಳಿದೆ. ಪ್ರಾಧ್ಯಾಪಕಿ ಎಲ್ಲವನ್ನೂ ವಹಿಯಲ್ಲಿ ಬರೆದುಕೊಂಡರು. ಕೊನೆಗೆ, ‘ಅವರ ಕೈಬರಹದ ನಕ್ಷೆ ಏನಾದರೂ ಉಳಿದಿದೆಯೇ? ನಿಮ್ಮ ಮಾತೊಂದೇ ಇದ್ದರೆ ನಾಳೆ ಯಾರಾದರೂ ಅಲ್ಲಗಳೆಯಬಹುದು’ ಎಂದರು.

ಹಾಗೆ ನಾನು ಎಷ್ಟೋ ವರ್ಷಗಳ ಮೇಲೆ ಕಲ್ಯಾಣದ ಬಸ್ ಹತ್ತಿದೆ. ಪಾತ್ರೆ ಅಂಗಡಿಯ ಮೇಲೆ ಈಗ ಮೊಬೈಲ್ ರಿಪೇರಿ ಇತ್ತು. ಮನೆಯಲ್ಲಿ ಅವರ ಮಗಳಿದ್ದಳು. ಉರ್ದು ಶಾಲೆಯಲ್ಲಿ ಟೀಚರ್, ಅಪ್ಪನ ಎತ್ತರ, ಅಪ್ಪನ ಕೂದಲು. ನನ್ನನ್ನು ಒಳಗೆ ಕರೆದು ನೀರು ಕೊಟ್ಟು, ಎದುರಿಗೆ ಕೂತು ಕೇಳಿದಳು:

‘ಆ ಕಲ್ಲು ಬರದವ್ರು ನೀವ ಅಲ್ಲೇನ್ರಿ?’

‘ಹೌದ್ರಿ.’

‘ಅವತ್ತು ವಾಪಸ್ ಬರಾಗ ಬಸ್ಸಿನ್ಯಾಗ ಅಮ್ಮಿ ಅತ್ತಳು. ಅಬ್ಬಾ ಅಂದ್ರು, ಆ ಹುಡುಗಿಗೆ ಬ್ಯಾರೆ ದಾರಿ ಇರಲಿಲ್ಲ ಅಂತ. ಅವ್ರು ನಿಮ್ಮ ಮ್ಯಾಲ ಒಂದಿನಾನೂ ಸಿಟ್ಟು ಮಾಡಲಿಲ್ಲ. ನಾ ಮಾಡೀನಿ. ಇನ್ನೂ ಅದ.’

ಮಾಫಿ ಕೇಳಲೆಂದೂ ಬಂದಿದ್ದೆ, ಕೇಳಲಿಲ್ಲ. ಕೇಳಿದ್ದರೂ ಅವಳು ಕೊಡುತ್ತಿರಲಿಲ್ಲ ಎಂದು ಕಾಣುತ್ತದೆ. ನಕ್ಷೆಗಳ ಬಗ್ಗೆ ಕೇಳಿದೆ. ಬಹಳಷ್ಟು ಗೆದ್ದಲು ತಿಂದು ಹೋಗಿದ್ದವು. ಕೆಲವನ್ನು ಅವಳ ತಾಯಿ ಕಪಾಟಿನ ಅರೆಗಳಿಗೆ ಹಾಸಿದ್ದರಂತೆ. ನಾವಿಬ್ಬರೂ ಸೇರಿ ಅಡುಗೆಮನೆಯ ಡಬ್ಬಿಗಳನ್ನು ಒಂದೊಂದಾಗಿ ಕೆಳಗಿಳಿಸಿದೆವು. ಬೇಳೆ ಡಬ್ಬಿಗಳ ಕೆಳಗಿನ ಅರೆಯಲ್ಲಿ ಶಾಲೆಯ ಅಂಗಳದ ಮೊದಲ ಕಚ್ಚಾ ನಕ್ಷೆ ಸಿಕ್ಕಿತು. ಎಣ್ಣೆಯ ಕಲೆ, ಪೆನ್ಸಿಲಿನ ಗೆರೆ, ಅಂಚಿನಲ್ಲಿ ಉರ್ದುವಿನಲ್ಲಿ ನಾಲ್ಕು ಸಾಲು. ಅವಳು ಓದಿ ಹೇಳಿದಳು: ಹುಡುಗಿಯರು ಮೆಟ್ಟಿಲ ಮೇಲೆ ಉಣ್ಣುತ್ತಾರೆ, ಕಟ್ಟೆ ಬೇಕು, ಸಂಡಾಸು ಹತ್ತಿರ ತರಬೇಕು, ಅವರಿಗೆ ನಾಚಿಕೆ ಆಗಬಾರದು. ಕೆಳಗೆ ಅವರ ಸಹಿ ಇತ್ತು.

ಓದಿ ಮುಗಿಸಿ ಅವಳು ಬಾಗಿಲ ಕಡೆ ತಿರುಗಿ ನಿಂತಳು. ನಾನು ಡಬ್ಬಿಗಳನ್ನು ಒಂದೊಂದಾಗಿ ಎತ್ತಿಡುತ್ತ ಕೂತೆ.

ಶಾಲೆಯ ಈಗಿನ ಸಮಿತಿಯಲ್ಲಿ ಹಳಬರು ಯಾರೂ ಉಳಿದಿರಲಿಲ್ಲ. ನಾನು ಲಿಖಿತ ಹೇಳಿಕೆ ಕೊಟ್ಟೆ, ಪ್ರಾಧ್ಯಾಪಕಿ ಪತ್ರ ಬರೆದರು. ಹಳೇ ಫಲಕದ ಪಕ್ಕಕ್ಕೆ ಹೊಸ ಕಲ್ಲು ಇಡಲು ಅವರು ತಕರಾರಿಲ್ಲದೆ ಒಪ್ಪಿದರು. ಇಷ್ಟು ಸುಲಭವಿತ್ತು ಎಂಬುದೇ ನನ್ನನ್ನು ಹೆಚ್ಚು ಚುಚ್ಚಿತು. ಮಗಳನ್ನೂ ಸಭೆಗೆ ಕರೆದಿದ್ದರು. ಅವಳು ಒಂದೇ ಷರತ್ತು ಹಾಕಿದಳು. ಹೆಸರಿನ ಜೊತೆ, ಈ ಭಾಗದ ಮೊದಲ ಹಬ್ಶಿ ವಾಸ್ತುಶಿಲ್ಪಿ ಎಂದು ಬರೆಯಬೇಕು.

ಒಬ್ಬ ಸದಸ್ಯರು ಮುಜುಗರಪಟ್ಟು, ‘ಆ ಶಬ್ದ ಯಾಕ್ರಿ ಬೇಕು? ಅವ್ರಿಗೇ ಕಮ್ಮಿ ಮಾಡಿದಂಗ ಆಗ್ತದ’ ಎಂದರು.

‘ಜಿಂದಗಿ ಪೂರಾ ಅವ್ರನ್ನ ಅದೇ ಶಬ್ದದಿಂದ ಕರದೀರಿ’ ಎಂದಳು ಅವಳು. ‘ಬೈಯಾಕ ಬೇಕಾಗಿತ್ತು, ಮರ್ಯಾದಿಗೆ ಬ್ಯಾಡೇನ್ರಿ?’

ಹಾಗೇ ಬರೆಯುವುದೆಂದು ತೀರ್ಮಾನವಾಯಿತು.

ಕಲ್ಲು ಕೂರಿಸಿದ ದಿನ ಸಣ್ಣ ಕಾರ್ಯಕ್ರಮ. ಮಗಳು ಬಂದು, ಕಟ್ಟೆಯ ಮೇಲೆ ಹುಡುಗಿಯರ ನಡುವೆ ಸ್ವಲ್ಪ ಹೊತ್ತು ಕೂತು, ಮೂರು ಗಂಟೆಯ ಬಸ್ಸಿಗೆ ಹೊರಟುಹೋದಳು. ಅವಳ ತಾಯಿ ಇದನ್ನು ನೋಡಲು ಇರಲಿಲ್ಲ. ನನಗೆ ನಾಲ್ಕು ಮಾತು ಆಡಲು ಹೇಳಿದರು. ನಡೆದದ್ದನ್ನೆಲ್ಲ ಹೇಳಿದೆ, ಕಾಗದ ಬದಲಿಸಿ ಸಾಲು ಹಿಗ್ಗಿಸಿದ್ದನ್ನೂ. ಒಂಬತ್ತನೇ ತರಗತಿಯ ಒಬ್ಬಳು ಎದ್ದು, ‘ಟೀಚರ್, ನಿಮಗ ಅವಾಗ ಅಂಜಿಕಿ ಆಗಿತ್ತೇನ್ರಿ?’ ಎಂದು ಕೇಳಿದಳು. ಅಂಜಿಕೆ ಅಲ್ಲ, ಕೆಲಸ ಬೇಕಾಗಿತ್ತು ಎಂದೆ.

ಈಗ ನನಗೆ ಬಿಡುವು ಇದೆ. ಸಾಹೇಬರು ಕಟ್ಟಿದ ಮನೆಗಳು ಎಲ್ಲೆಲ್ಲಿವೆ ಎಂದು ಆ ಹಳೇ ಗೌಂಡಿಯನ್ನು ಕೇಳಿ ಒಂದೊಂದಾಗಿ ಹೋಗಿ ನೋಡುತ್ತಿದ್ದೇನೆ, ಮಾಲಕರ ಒಪ್ಪಿಗೆ ಕೇಳಿ ಚಿತ್ರ ತೆಗೆದು ಪ್ರಾಧ್ಯಾಪಕಿಗೆ ಕಳಿಸುತ್ತಿದ್ದೇನೆ. ಹುಲಸೂರಿನ ಮನೆ ಸಿಗಲಿಲ್ಲ. ನನ್ನನ್ನು ಕರೆದಿದ್ದರಲ್ಲ, ಅದೇ ಮನೆ. ಅವರು ನಕ್ಷೆ ಮುಗಿಸಲಾಗದೆ ಕೈಬಿಟ್ಟಿದ್ದರಂತೆ. ಆ ಜಾಗದಲ್ಲಿ ಬೇರೆ ಯಾರೋ ಕಟ್ಟಿದ ಮನೆ ನಿಂತಿದೆ.

ಹೋದ ತಿಂಗಳು ಕೊಡಂಬಲಕ್ಕೆ ಹೋಗಿದ್ದೆ. ಊರ ಅಂಚಿನಲ್ಲಿ ಕೆಂಪು ಕಲ್ಲಿನ ಮನೆ, ಮಕ್ಕಳು ಸೊಸೆಯಂದಿರು ತುಂಬಿದ ಮನೆ. ಹಿರಿಯಾಕೆ ಒಳಬಾಗಿಲ ಪಕ್ಕದ ಕಲ್ಲಿನ ಕಟ್ಟೆಯ ಮೇಲೆ ಕೂತು ಜೋಳ ಹಸನು ಮಾಡುತ್ತಿದ್ದರು. ಬಂದ ಕಾರಣ ಹೇಳಿದ ಕೂಡಲೇ ಮೊರ ಕೆಳಗಿಟ್ಟರು.

‘ಈ ಕಟ್ಟಿ ಅವ್ರೇ ಮಾಡಿಸ್ಯಾರವ್ವ. ಕಾಳು ಎಲ್ಲಿ ಕೂತು ಆರಸ್ತೀರಿ ಅಂತ ಕೇಳಿದ್ರು. ನನ್ನ ಅಂಥಾದ್ದು ಯಾರೂ ಕೇಳಿದ್ದಿಲ್ಲ’ ಎಂದರು. ‘ಪ್ರತಿ ವರ್ಷ ಬ್ಯಾಸಗಿಗೆ ಬಂದು ಗ್ವಾಡಿ ಮುಟ್ಟಿ ನೋಡಿ, ಮಜ್ಜಿಗಿ ಕುಡದು ಹೋಗ್ತಿದ್ರು. ಆಮ್ಯಾಲ ಬರೂದೇ ಬಿಟ್ರು. ನಮ್ಮಿಂದ ಏನರ ತಪ್ಪಾತೋ ಏನೋ ಅಂತ ನಮ್ಮ ಯಜಮಾನರು ಸಾಯೂತನ ಅಂತಿದ್ರು. ಹ್ಯಾಂಗ ಇದ್ದಾರವ್ವ?’

ಅವರು ತೀರಿಕೊಂಡಿದ್ದಾರೆ, ಬಹಳ ವರ್ಷವಾಯಿತು ಎಂದು ಹೇಳಿದೆ.

ಆಕೆ ಸೆರಗು ತಲೆಯ ಮೇಲೆ ಎಳೆದುಕೊಂಡರು. ಒಳಗಿಂದ ಸೊಸೆ ಬಂದು ಏನಾತು ಎಂದು ಕೇಳಿದಳು. ಹಿರಿಯಾಕೆ ನನ್ನನ್ನೇ ನೋಡುತ್ತ ಹೇಳಿದರು:

‘ನಮಗ ಯಾರೂ ಹೇಳಲೇ ಇಲ್ಲಲ್ಲವ್ವ.’